ಶೂನೇಮಿನ ತಾಯಿಯೂ ರೋಗಿಯ ಬಳಿಯ ಕಾವಲೂ

(ಓದತಕ್ಕ ಭಾಗ: ಅರಸುಗಳ ಎರಡನೆಯ ಪುಸ್ತಕ, 4ನೆಯ ಅಧ್ಯಾಯ, 18ನೆಯ ವಚನದಿಂದ 37ನೆಯ ವಚನದ ವರೆಗೆ)



ಮೇಲೆ ಗುರುತಿಸಿದ ಭಾಗವನ್ನು ಸಭೆಯಲ್ಲಿ ಓದುವಾಗ ನಾವು ಸಾಮಾನ್ಯವಾಗಿ ಕಡೆಯಲ್ಲಿ ನಡೆದ ಅದ್ಭುತವನ್ನೇ ನೋಡುತ್ತೇವೆ. ಅದಕ್ಕೆ ಮುಂಚೆ ನಡೆದ ಸಂಗತಿಗಳನ್ನು ಬೇಗನೆ ದಾಟಿಬಿಡುತ್ತೇವೆ. ಈ ಸಾರಿ ಆ ಮುಂಚಿನ ಸಂಗತಿಗಳಲ್ಲಿಯೇ ಸ್ವಲ್ಪ ಹೊತ್ತು ನಿಲ್ಲೋಣ. ಹಾಗೆ ನಿಲ್ಲುವದಕ್ಕೆ ನಮಗೊಂದು ಕಾರಣವುಂಟು. ಅದನ್ನು ಮುಂದೆ ಹೇಳುವೆವು.

ಅದು ಸುಗ್ಗಿಯ ಕಾಲ. ಹುಡುಗನು ಕೊಯ್ಲಿನವರ ಸಂಗಡವಿದ್ದ ತಂದೆಯ ಹತ್ತಿರಕ್ಕೆ ಹೋದನು. ಅಲ್ಲಿ ತಲೆಯನ್ನು ಹಿಡಿದುಕೊಂಡು ನೋವೆಂದು ಕೂಗಿಕೊಂಡನು. ತಂದೆಯು ಕೆಟ್ಟವನಲ್ಲ. ಮಗನನ್ನು ಎತ್ತಿಕೊಂಡು ಹೋಗಿ ತಾಯಿಗೆ ಒಪ್ಪಿಸಬೇಕೆಂದು ಆಳಿಗೆ ಅಪ್ಪಣೆಕೊಟ್ಟನು. ಆಮೇಲೆ ಅವನು ತಿರಿಗಿ ಪೈರಿನ ಕಡೆಗೇ ಮುಖಮಾಡಿದನೆಂದು ತೋರುತ್ತದೆ. ಯಾಕಂದರೆ ಮಧ್ಯಾಹ್ನದ ವರೆಗೂ ಅವನ ಸುದ್ದಿಯೇ ಇಲ್ಲ. ಹೆಂಡತಿಯು ಕತ್ತೆಯನ್ನೂ ಆಳನ್ನೂ ಕೇಳಿದಾಗ ಸಹ ಅವನು, ಇಂದು ಅಮಾವಾಸ್ಯೆಯಲ್ಲ, ಸಬ್ಬತ್ತೂ ಅಲ್ಲ, ಪ್ರವಾದಿಯ ಬಳಿಗೆ ಯಾತಕ್ಕೆ ಎಂದು ವಿಚಾರಿಸುತ್ತಾನೆ. ಮಗನು ಹೇಗಿದ್ದಾನೆಂದು ಕೇಳಿದ ಮಾತು ಅಲ್ಲಿ ಬರೆಯಲ್ಪಟ್ಟಿಲ್ಲ. ತೊಡೆಯ ಮೇಲೆ ಮಗುವನ್ನಿಟ್ಟುಕೊಂಡು ಕೂತಿದ್ದ ತಾಯಿಯೊಬ್ಬಳೇ ಆ ಬೆಳಗಿನ ಪ್ರತಿಯೊಂದು ಗಳಿಗೆಯನ್ನು ಬಲ್ಲವಳು.

ಆಸ್ಪತ್ರೆಗೆ ಸೇರಿದ ರೋಗಿಯು ಇದ್ದಕ್ಕಿದ್ದ ಹಾಗೆ ತೀರಿಹೋದನೆಂದು ನಮ್ಮ ಊರುಗಳಲ್ಲಿ ಹೇಳುವದುಂಟು. ಬೆಳಿಗ್ಗೆ ಗಂಜಿ ಕುಡಿದನು, ಮಾತಾಡಿದನು, ರಾತ್ರಿ ಹೋಗಿಬಿಟ್ಟನು ಎನ್ನುತ್ತಾರೆ. ವೈದ್ಯರೂ ಬಹುಕಾಲ ಹೀಗೆಯೇ ಎಣಿಸಿದ್ದರು. ಆದರೆ ಅಮೇರಿಕಾ ದೇಶದ ಮಯಾಮಿ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಹೃದಯವು ನಿಂತುಹೋದ 64 ಮಂದಿ ರೋಗಿಗಳ ಕಾಗದಗಳನ್ನು ಕೆಲವು ವೈದ್ಯರು ಶೋಧಿಸಿ ನೋಡಿ, ಕಂಡದ್ದನ್ನು 1990ರಲ್ಲಿ ಪ್ರಕಟಿಸಿದರು. ನೂರಕ್ಕೆ 84 ಮಂದಿಯ ಕಾಗದಗಳಲ್ಲಿ, ಹೃದಯವು ನಿಲ್ಲುವದಕ್ಕೆ ಮುಂಚಿನ 8 ಗಂಟೆಗಳೊಳಗೆ, ಸ್ಥಿತಿಯು ಕೆಡುತ್ತಿದ್ದ ಗುರುತುಗಳಾಗಲಿ ರೋಗಿಯು ಹೊಸದಾಗಿ ಹೇಳಿಕೊಂಡ ಬಾಧೆಯಾಗಲಿ ಬರೆಯಲ್ಪಟ್ಟಿತ್ತು. ಅಂದರೆ ಮರಣವು ಕಳ್ಳನಂತೆ ಬಂದಿರಲಿಲ್ಲ. ಅಂಗಳದಲ್ಲಿ ನಿಂತು ಬಾಗಿಲು ತಟ್ಟುತ್ತಲೇ ಇತ್ತು.

ಇದು ಹೇಗೆಂಬದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬಡತನಕ್ಕೆ ಬಿದ್ದ ಮಾನಸ್ಥ ಕುಟುಂಬವನ್ನು ನಾವೆಲ್ಲರೂ ನೋಡಿದ್ದೇವೆ. ಒಳಗಿನ ತಾಮ್ರದ ಹಂಡೆಯನ್ನೂ ಹಿತ್ತಾಳೆಯ ತಟ್ಟೆಗಳನ್ನೂ ಒಂದೊಂದಾಗಿ ಮಾರಿ, ಬೀದಿಯವರ ಕಣ್ಣಿಗೆ ಜಗಲಿಯನ್ನು ಸಾರಿಸಿ ರಂಗೋಲೆಯಿಟ್ಟೇ ಇರುತ್ತಾರೆ. ಮಾರುವದಕ್ಕೆ ಇನ್ನೇನೂ ಉಳಿಯದ ದಿನ ಬಾಗಿಲು ಮುಚ್ಚುತ್ತದೆ, ಆಗ ಬೀದಿಯವರು ಬೆರಗಾಗುತ್ತಾರೆ. ದೇಹವೂ ಹೀಗೆಯೇ. ನಂಜು ರಕ್ತಕ್ಕೇರಿದಾಗ ಅಥವಾ ಒಳಗೆ ರಕ್ತವು ಸೋರಿದಾಗ, ಹೃದಯವು ಹೆಚ್ಚು ಓಡಿ, ಉಸಿರು ಹೆಚ್ಚಿ, ಕೈಕಾಲುಗಳಿಗೆ ಹೋಗುವ ರಕ್ತವನ್ನು ಕಡಿಮೆಮಾಡಿ, ಮುಖ್ಯವಾದ ಅವಯವಗಳನ್ನು ದೇಹವು ಕಾಪಾಡಿಕೊಳ್ಳುತ್ತದೆ. ಆದದರಿಂದ ರಕ್ತದ ಒತ್ತಡವನ್ನು ಅಳೆಯುವ ಯಂತ್ರವು ಕೆಲವು ಗಂಟೆಗಳ ಕಾಲ ಎಲ್ಲಾ ಸರಿಯಾಗಿದೆಯೆಂದು ತೋರಿಸಬಹುದು. ಅಷ್ಟರೊಳಗೆ ಕೈಕಾಲು ತಣ್ಣಗಾಗಿರುತ್ತದೆ, ಮೂತ್ರವು ಕಡಿಮೆಯಾಗಿರುತ್ತದೆ, ಮನಸ್ಸು ಕಲಕಿರುತ್ತದೆ, ಉಸಿರು ಏರಿರುತ್ತದೆ.

ಇವುಗಳೆಲ್ಲಾದರಲ್ಲಿ ಉಸಿರಿನ ವಿಷಯವನ್ನು ಹೆಚ್ಚಾಗಿ ಹೇಳಬೇಕಾಗಿದೆ. ಅದನ್ನು ಎಣಿಸುವದಕ್ಕೆ ಯಂತ್ರ ಬೇಡ, ಓದುಬರಹವೂ ಅಷ್ಟಾಗಿ ಬೇಡ. ಎಣಿಕೆಯೊಂದು ಬಂದರೆ ಸಾಕು. ಹೀಗಿದ್ದರೂ ಆಸ್ಪತ್ರೆಗಳಲ್ಲಿ ಎಲ್ಲಾದಕ್ಕಿಂತ ಹೆಚ್ಚಾಗಿ ಅಲಕ್ಷ್ಯಮಾಡಲ್ಪಡುವದು ಅದೇ. ನಾಡಿಯನ್ನೂ ಒತ್ತಡವನ್ನೂ ಯಂತ್ರವು ಹೇಳಿಬಿಡುತ್ತದೆ. ಉಸಿರಿಗಾದರೋ ಒಂದು ನಿಮಿಷ ಸುಮ್ಮನೆ ನಿಂತು ನೋಡಬೇಕು, ಆ ಒಂದು ನಿಮಿಷವೇ ಯಾರಿಗೂ ಸಿಕ್ಕುವದಿಲ್ಲ. ನೋಡದೆಯೇ 18 ಎಂದೋ 20 ಎಂದೋ ಬರೆದ ಕಾಗದಗಳು ಲೋಕದ ಎಲ್ಲಾ ದೇಶಗಳಲ್ಲಿಯೂ ಇವೆ. ದೊಡ್ಡವರಾದವರು ಮಲಗಿ ವಿಶ್ರಮಿಸಿಕೊಂಡಿರುವಾಗ ಒಂದು ನಿಮಿಷಕ್ಕೆ 12ರಿಂದ 20 ಸಾರಿ ಉಸಿರಾಡುತ್ತಾರೆ. 25 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯವುಂಟು. 8 ಅಥವಾ ಅದಕ್ಕಿಂತ ಕಡಿಮೆಯಾದರೂ ಅಷ್ಟೇ ಅಪಾಯವುಂಟು. ಮಕ್ಕಳು ಸ್ವಭಾವವಾಗಿಯೇ ಬೇಗಬೇಗನೆ ಉಸಿರಾಡುವರು. ಆದದರಿಂದ ಅವರಿಗೆ ಬೇರೆ ಲೆಕ್ಕವಿದೆ. ಎರಡು ತಿಂಗಳು ತುಂಬದ ಕೂಸಿಗೆ 60, ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40, ಇವು ಮುಟ್ಟಿದರೆ ವೇಗದ ಉಸಿರೆಂದು ತಿಳಿಯಬೇಕು. ಎಣಿಸುವವರು ಎಣಿಸುತ್ತೇವೆಂದು ರೋಗಿಗೆ ಹೇಳಬಾರದು, ಹೇಳಿದರೆ ಅವನ ಉಸಿರಿನ ರೀತಿಯೇ ಬದಲಾಗುವದು. ನಾಡಿಯನ್ನು ನೋಡುವವರ ಹಾಗೆ ಕೈ ಹಿಡಿದುಕೊಂಡು, ಕಣ್ಣನ್ನು ಎದೆಯ ಅಥವಾ ಹೊಟ್ಟೆಯ ಮೇಲಿಟ್ಟು, ಗಡಿಯಾರವನ್ನು ನೋಡುತ್ತಾ, ಪೂರಾ ಒಂದು ನಿಮಿಷ ಎಣಿಸಬೇಕು.

ಇಂಗ್ಲೆಂಡಿನ ವೈದ್ಯರು ಇಂಥ ಗುರುತುಗಳಿಗೆ ಒಂದೊಂದು ಅಂಕವನ್ನು ಕೊಟ್ಟು ಕೂಡಿಸುವ ಪದ್ಧತಿಯೊಂದನ್ನು 1997ರಲ್ಲಿ ತಿಳಿಸಿದರು. 2012ರಲ್ಲಿ ಅದು ಆ ದೇಶದ ಆಸ್ಪತ್ರೆಗಳಿಗೆಲ್ಲಾ ಒಂದೇ ರೀತಿಯಾಗಿ ಏರ್ಪಡಿಸಲ್ಪಟ್ಟಿತು. ಉಸಿರು, ರಕ್ತದಲ್ಲಿರುವ ಪ್ರಾಣವಾಯು, ರಕ್ತದ ಒತ್ತಡ, ನಾಡಿ, ಎಚ್ಚರ, ಶಾಖ, ಈ ಆರನ್ನು ನೋಡಿ, ಪ್ರತಿಯೊಂದಕ್ಕೆ ಸೊನ್ನೆಯಿಂದ ಮೂರರ ವರೆಗೆ ಅಂಕವನ್ನಿಡುತ್ತಾರೆ. ಪ್ರಾಣವಾಯುವನ್ನು ಕೊಳವೆಯಿಂದ ಕೊಡುತ್ತಿದ್ದರೆ ಇನ್ನೆರಡನ್ನು ಸೇರಿಸುತ್ತಾರೆ. ಮೊತ್ತವು ಐದಾದರೆ ವೈದ್ಯನನ್ನು ತಡವಿಲ್ಲದೆ ಕರೆಯಬೇಕು. ಏಳಾದರೆ ಕಠಿಣ ರೋಗಿಗಳನ್ನು ನೋಡಬಲ್ಲ ನಿಪುಣರೇ ಕೂಡಲೆ ಬರಬೇಕು. 2017ರಲ್ಲಿ ಅದನ್ನು ತಿದ್ದಿದಾಗ, ರೋಗಿಗೆ ಹೊಸದಾಗಿ ಮನಸ್ಸು ಕಲಕಿದರೆ ಅದೊಂದಕ್ಕೇ ಮೂರು ಅಂಕವೆಂದು ಸೇರಿಸಿದರು. ನಮ್ಮವರು ಸನ್ನಿಯೆಂದೂ ಬಡಬಡಿಕೆಯೆಂದೂ ಹೇಳಿ ಸುಮ್ಮನಾಗುವದು ಇದನ್ನೇ. ಇದನ್ನು ಮೊದಲು ಕಾಣುವವರು ಯಾರು? ನಿನ್ನೆ ಆ ಮನುಷ್ಯನು ಹೇಗೆ ಮಾತಾಡಿದನೆಂದು ಬಲ್ಲವರೇ ಕಾಣಬಲ್ಲರು. ಹೊಸದಾಗಿ ಬಂದ ದಾದಿಗೆ ಅವನು ಯಾವಾಗಲೂ ಹೀಗೆಯೇ ಇರುವ ಮುದುಕನೆಂದು ತೋರಬಹುದು.

ಇನ್ನು ನಾವು ಮೊದಲು ಹೇಳಿದ ಕಾರಣಕ್ಕೆ ಬರುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಹಿರಿಯರೊಬ್ಬರಿಗೆ ಒಂದು ಪಟ್ಟಣದ ಆಸ್ಪತ್ರೆಯಲ್ಲಿ ಕರುಳಿನ ಶಸ್ತ್ರಚಿಕಿತ್ಸೆಯಾಯಿತು. ಎರಡನೆಯ ದಿನದ ರಾತ್ರಿ ನಾವು ನೋಡಲು ಹೋದೆವು. ಅವರು ಹೊದಿಕೆಯ ಅಂಚನ್ನು ಬೆರಳಿನಿಂದ ಕೀಳುತ್ತಿದ್ದರು. ನಮ್ಮನ್ನು ಕಂಡು, ಎಷ್ಟೋ ಕಾಲದ ಹಿಂದೆ ತೀರಿಹೋದ ಅಣ್ಣನ ಹೆಸರನ್ನು ಹಿಡಿದು ಕರೆದು, ಎತ್ತುಗಳನ್ನು ಕಟ್ಟಿದೆಯಾ ಎಂದು ಕೇಳಿದರು. ಎದೆಯು ಕಮ್ಮಾರನ ತಿದಿಯಂತೆ ಏಳುತ್ತಾ ಬೀಳುತ್ತಾ ಇತ್ತು. ಕೈ ಹಿಡಿದೆವು; ತಣ್ಣಗೆ ಒದ್ದೆಯಾಗಿತ್ತು. ಅವರ ಹೆಂಡತಿಯು, "ಅಯ್ಯನವರೇ, ಸಾಯಂಕಾಲದಿಂದ ಹೀಗೆಯೇ ಇದ್ದಾರೆ; ನನಗೆ ಯಾಕೋ ಭಯವಾಗುತ್ತದೆ" ಅಂದರು. ನಾವು ಕೀರ್ತನೆಯೊಂದನ್ನು ಓದಿ ಪ್ರಾರ್ಥನೆಮಾಡಿದೆವು. "ಶಸ್ತ್ರಚಿಕಿತ್ಸೆಯ ಆಯಾಸವಮ್ಮಾ, ನಿದ್ರೆ ಬಂದರೆ ಸರಿಹೋಗುವದು" ಎಂದು ಧೈರ್ಯ ಹೇಳಿದೆವು. ದಾದಿಯು ಹತ್ತು ಹೆಜ್ಜೆಯ ದೂರದಲ್ಲಿ ಮೇಜಿನ ಮುಂದೆ ಕೂತು ಬರೆಯುತ್ತಿದ್ದಳು. ಅವಳ ಮುಂದೆಯೇ ಹಾದು, ವಂದನೆ ಹೇಳಿ ಹೊರಗೆ ಬಂದೆವು. ಕಡೇ ಬಸ್ಸಿಗೆ ಹೊತ್ತಾಗಿತ್ತು.

ಕೋಳಿ ಕೂಗುವದಕ್ಕೆ ಮುಂಚೆ ಅವರು ತೀರಿಹೋದರು. ಸಮಾಧಿಯ ಬಳಿಯಲ್ಲಿ ನಾವೇ ನಿಂತು, ಕರ್ತನ ಸೇವಕನು ಸಮಾಧಾನದಿಂದ ನಿದ್ರೆಹೋದನೆಂದು ಪ್ರಸಂಗಮಾಡಿದೆವು. ಸಭೆಯವರು ಕಣ್ಣೀರಿಟ್ಟರು. ಕೆಲವು ತಿಂಗಳು ಕಳೆದ ಮೇಲೆ, ಬೇರೆ ಊರಿನಲ್ಲಿ ದಾದಿಯ ಕೆಲಸದಲ್ಲಿರುವ ನಮ್ಮ ಸಭೆಯ ಹುಡುಗಿಯೊಬ್ಬಳು ರಜೆಗೆ ಬಂದಾಗ, ಆ ರಾತ್ರಿಯ ಮಾತು ಬಂತು. ಅವಳು, "ಅಯ್ಯನವರೇ, ಆಗ ಅವರ ಉಸಿರು ಎಷ್ಟಿತ್ತು?" ಎಂದು ಕೇಳಿದಳು. ನಾವು ಎಣಿಸಿರಲಿಲ್ಲ. ಅವಳು ನಮ್ಮ ಮೇಲೆ ಏನೂ ತಪ್ಪು ಹೊರಿಸಲಿಲ್ಲ. ಮೇಲೆ ಹೇಳಿದ ಅಂಕಗಳ ಲೆಕ್ಕವನ್ನು ಮಾತ್ರ ತಿಳಿಸಿದಳು. ಮನಸ್ಸು ಕಲಕಿದ್ದಕ್ಕೆ ಮೂರು. ಉಸಿರು 25 ದಾಟಿದ್ದರೆ ಇನ್ನೂ ಮೂರು. ನಾವು ಕೀರ್ತನೆ ಓದುತ್ತಿದ್ದ ಆ ಹಾಸಿಗೆಯ ಬಳಿಯಲ್ಲಿ ಆರು ಅಂಕಗಳು ಕಣ್ಣಿಗೆ ಕಾಣುವಂತೆ ಬಿದ್ದಿದ್ದಿರಬಹುದು. ಕರೆದಿದ್ದರೆ ಅವರು ಬದುಕುತ್ತಿದ್ದರೆಂದು ನಾವು ಹೇಳಲಾರೆವು. ಕರೆಯಲಿಲ್ಲವೆಂಬದನ್ನು ಮಾತ್ರ ಹೇಳಲೇಬೇಕಾಗಿದೆ.

ಆ ತಾಯಿಯ ಮನೆಗೆ ಹೋಗಿ ಇದನ್ನು ತಿಳಿಸುವದಕ್ಕೆ ನಮಗೆ ಎರಡು ವರ್ಷ ಹಿಡಿಯಿತು. ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದು, "ದಾದಿಯಮ್ಮನನ್ನು ಎಬ್ಬಿಸಿಕೊಂಡು ಬರಬೇಕೆಂದು ನಾನು ಎದ್ದಿದ್ದೆ. ಅಯ್ಯನವರೇ ಆಯಾಸವೆಂದು ಹೇಳಿದ ಮೇಲೆ ತಿರಿಗಿ ಕೂತುಕೊಂಡೆ" ಅಂದರು.

ಪ್ರಿಯರೇ, ಗೇಹಜಿಯನ್ನು ಜ್ಞಾಪಕಮಾಡಿಕೊಳ್ಳಿರಿ. ಆ ತಾಯಿಯು ಕರ್ಮೆಲ್ ಬೆಟ್ಟಕ್ಕೆ ಬಂದು ಪ್ರವಾದಿಯ ಕಾಲುಗಳನ್ನು ಹಿಡಿದುಕೊಂಡಾಗ, ಅವಳನ್ನು ದೂರ ನೂಕುವದಕ್ಕೆ ಹತ್ತಿರ ಬಂದವನು ಅವನೇ. ಅವನೂ ಕೆಟ್ಟ ಮನಸ್ಸಿನಿಂದ ಬರಲಿಲ್ಲ. ದೊಡ್ಡವರ ಮುಂದೆ ಹೀಗೆ ಮಾಡುವದು ಮರ್ಯಾದೆಯಲ್ಲವೆಂದು ಎಣಿಸಿದನು. ಆದರೆ ಎಲೀಷನು ಅವಳನ್ನು ಬಿಡೆಂದು ಹೇಳಿ, ಅವಳ ಮನೋವ್ಯಥೆಯ ಕಾರಣವನ್ನು ಯೆಹೋವನು ತನಗೆ ಮರೆಮಾಡಿದನೆಂದು ಒಪ್ಪಿಕೊಂಡನು. ಇಂಥ ಮಹಾ ಪ್ರವಾದಿಗೂ ಗೊತ್ತಿಲ್ಲದ ಸಂಗತಿಯು ಹೆತ್ತವಳಿಗೆ ಗೊತ್ತಿತ್ತು. ತನಗೆ ಗೊತ್ತಿಲ್ಲವೆಂದು ಹೇಳುವದಕ್ಕೆ ಪ್ರವಾದಿಯು ನಾಚಲಿಲ್ಲ. ಆ ರಾತ್ರಿ ಆಸ್ಪತ್ರೆಯಲ್ಲಿ ಗೇಹಜಿಯ ಕೆಲಸವನ್ನು ಮಾಡಿದವರು ನಾವು. ದಾದಿಯಲ್ಲ, ವೈದ್ಯನಲ್ಲ; ಬೈಬಲನ್ನು ಕೈಯಲ್ಲಿ ಹಿಡಿದಿದ್ದ ನಾವೇ.

ಗೇಹಜಿಯು ದಾರಿಗೆ ಅಡ್ಡ ನಿಲ್ಲದಂತೆ ಈಚಿನ ಕಾಲದಲ್ಲಿ ಕೆಲವು ದೇಶಗಳು ಕಟ್ಟಳೆಯನ್ನೇ ಮಾಡಿವೆ. ಆಸ್ಟ್ರೇಲಿಯಾ ದೇಶದ ಸಿಡ್ನಿಯಲ್ಲಿರುವ ಲಿವರ್‌ಪೂಲ್ ಆಸ್ಪತ್ರೆಯವರು 1990ರಲ್ಲಿ ಒಂದು ತುರ್ತಿನ ತಂಡವನ್ನು ಏರ್ಪಡಿಸಿ, ನಿಗದಿಯಾದ ಗುರುತುಗಳು ಕಂಡರೆ ಚಿಕ್ಕ ದಾದಿಯೂ ದೊಡ್ಡ ವೈದ್ಯನ ಅಪ್ಪಣೆಗೆ ಕಾಯದೆ ಆ ತಂಡವನ್ನು ಕರೆಯಬಹುದೆಂದು ಗೊತ್ತುಮಾಡಿದರು. ಇಂಗ್ಲೆಂಡಿನಲ್ಲಿ ಮಾರ್ಥಾ ಎಂಬ 13 ವರ್ಷದ ಹುಡುಗಿಯು ಸೈಕಲಿನಿಂದ ಬಿದ್ದು ಗಾಯಗೊಂಡು ಆಸ್ಪತ್ರೆಯಲ್ಲಿದ್ದಾಗ, ರಕ್ತಕ್ಕೆ ನಂಜೇರಿ 2021ರಲ್ಲಿ ತೀರಿಹೋದಳು. ಮಗಳ ಸ್ಥಿತಿಯು ಕೆಡುತ್ತಿದೆಯೆಂದು ತಂದೆತಾಯಿಗಳು ಹೇಳಿದ್ದರು. ಬೇಗನೆ ತೀವ್ರ ಚಿಕಿತ್ಸೆಯ ವಿಭಾಗಕ್ಕೆ ಒಯ್ದಿದ್ದರೆ ಅವಳು ಬದುಕುವ ಸಂಭವವೇ ಹೆಚ್ಚಾಗಿತ್ತೆಂದು ಮರಣವಿಚಾರಣೆಯ ಅಧಿಕಾರಿಯು 2022ರಲ್ಲಿ ತೀರ್ಮಾನಿಸಿದರು. ಆ ದುಃಖದಲ್ಲಿ ತಾಯಿಯು ಸುಮ್ಮನಿರಲಿಲ್ಲ. ರೋಗಿಯ ಮನೆಯವರೇ ಬೇರೆ ತಂಡದ ವೈದ್ಯರನ್ನು ಹಗಲಾಗಲಿ ಇರುಳಾಗಲಿ ಕರೆಸಿ ತೋರಿಸುವ ಹಕ್ಕಿಗಾಗಿ ಅವಳು ಹೋರಾಡಿದಳು. 2024ರಲ್ಲಿ ಆ ದೇಶದ 143 ಆಸ್ಪತ್ರೆಗಳಲ್ಲಿ ಇದು ಮೊದಲು ಆರಂಭವಾಯಿತು; ಹುಡುಗಿಯ ಹೆಸರಿನಿಂದ ಮಾರ್ಥಾಳ ನಿಯಮವೆಂದು ಕರೆಯಲ್ಪಡುತ್ತದೆ. ಹೆಸರನ್ನು ಕೇಳುವಾಗ ನಮಗೆ ಬೇಥಾನ್ಯದ ಮಾರ್ಥಳು ನೆನಪಾಗುತ್ತಾಳೆ. ತಮ್ಮನು ಅಸ್ವಸ್ಥನಾದ ಕೂಡಲೆ ಕರ್ತನಿಗೆ ಹೇಳಿಕಳುಹಿಸಿದವರು ಅವಳೂ ಅವಳ ತಂಗಿಯೂ. ಬರುವದು ತಡವಾದಾಗ ಆ ಮಾತನ್ನು ಆತನ ಮುಖದೆದುರಿಗೇ ಹೇಳಿದವಳು ಅವಳು. ಕರ್ತನು ಅದಕ್ಕೆ ಸಿಟ್ಟಾಗಲಿಲ್ಲ.

ಆದರೆ ಕಟ್ಟಳೆಯಿಂದಲೇ ಎಲ್ಲಾ ಸರಿಹೋಗುವದೆಂದು ಎಣಿಸಬಾರದು. ಎಲೀಷನು ಮೊದಲು ತನ್ನ ಕೋಲನ್ನು ಗೇಹಜಿಯ ಕೈಯಲ್ಲಿ ಕಳುಹಿಸಿದನಲ್ಲವೇ? ಕೋಲನ್ನು ಹುಡುಗನ ಮುಖದ ಮೇಲಿಟ್ಟರೂ ಶಬ್ದವಿಲ್ಲ, ಚಲನೆಯಿಲ್ಲ. ಇಲ್ಲಿ ಗೇಹಜಿಯನ್ನು ಮೆಚ್ಚಲೇಬೇಕು: ಅವನು ತಿರಿಗಿ ಬಂದು, ಹುಡುಗನು ಎಚ್ಚರಗೊಳ್ಳಲಿಲ್ಲವೆಂದು ನಿಜವನ್ನು ಹೇಳಿದನು. ಕೋಲನ್ನಿಟ್ಟಾಯಿತು, ನನ್ನ ಕೆಲಸ ಮುಗಿಯಿತು ಅನ್ನಲಿಲ್ಲ. 2005ರಲ್ಲಿ ಆಸ್ಟ್ರೇಲಿಯದ 23 ಆಸ್ಪತ್ರೆಗಳನ್ನು ಹೋಲಿಸಿ ನೋಡಿದ ಪರೀಕ್ಷೆಯ ಫಲವು ಪ್ರಕಟವಾಯಿತು; ತುರ್ತಿನ ತಂಡವಿದ್ದ ಆಸ್ಪತ್ರೆಗಳಿಗೂ ಇಲ್ಲದವುಗಳಿಗೂ ಸ್ಪಷ್ಟವಾದ ಭೇದವು ಕಾಣಲಿಲ್ಲ. ತಂಡವಿದ್ದಲ್ಲಿಯೂ, ಗುರುತುಗಳು ಕಂಡ ಅನೇಕ ರೋಗಿಗಳಿಗಾಗಿ ಅದನ್ನು ಕರೆದೇ ಇರಲಿಲ್ಲ. ಇನ್ನೊಂದು ಸಂಗತಿ. ಪ್ರವಾದಿಯು ತಾನೇ ಬಂದು, ಮಗುವಿನ ಮೇಲೆ ಬೋರಲಾಗಿ ಮಲಗಿ, ಮೈ ಬೆಚ್ಚಗಾದದ್ದನ್ನು ಕಂಡು, ಎದ್ದು ಮನೆಯಲ್ಲಿ ಅತ್ತಿತ್ತ ನಡೆದಾಡಿ, ತಿರಿಗಿ ಅದೇ ರೀತಿ ಮಾಡಿದನು. ಒಂದು ಸಾರಿ ನೋಡಿ ಹೊರಟುಹೋಗಲಿಲ್ಲ. ವೈದ್ಯನು ಬಂದು ಔಷಧಿ ಕೊಟ್ಟು ಹೋದ ಒಂದು ಗಂಟೆಯ ಮೇಲೆ ರೋಗಿಯು ಹೇಗಿದ್ದಾನೆಂಬದನ್ನೂ ನೋಡಬೇಕು. ಸುಧಾರಿಸದಿದ್ದರೆ ತಿರಿಗಿ ಕರೆಯಬೇಕು.

ನಮ್ಮ ದೇಶದ ಆಸ್ಪತ್ರೆಗಳಲ್ಲಿ ರೋಗಿಯ ಸಂಗಡ ಮನೆಯವರೊಬ್ಬರು ಹಗಲಿರುಳು ಇರುತ್ತಾರೆ. ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಗಂಜಿ ಕುಡಿಸುವದಕ್ಕೂ ಔಷಧಿ ತರುವದಕ್ಕೂ ಮಾತ್ರವೇ ತಾವು ಅಲ್ಲಿದ್ದೇವೆಂದು ಅವರು ಎಣಿಸುತ್ತಾರೆ. ನಮ್ಮ ಎಣಿಕೆಯಲ್ಲಿ ಅವರು ಕಾವಲುಗಾರರು. ರಾತ್ರಿಯ ದಾದಿಗೆ ಅನೇಕ ಹಾಸಿಗೆಗಳನ್ನು ನೋಡಬೇಕಾಗಿರುವದು. ಇವರಿಗೆ ಒಂದೇ ಹಾಸಿಗೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು 1906ರಲ್ಲಿಯೂ ಉಡುಪಿಯ ಲೊಂಬಾರ್ಡ್ ಆಸ್ಪತ್ರೆಯು 1923ರಲ್ಲಿಯೂ ಆರಂಭವಾದಂದಿನಿಂದ ಇಂಥ ಮಿಶನ್ ಆಸ್ಪತ್ರೆಗಳಲ್ಲಿ ನಮ್ಮ ಸಭೆಗಳ ಹೆಣ್ಣುಮಕ್ಕಳು ದಾದಿಯರಾಗಿ ಸೇವೆಮಾಡುತ್ತಾ ಬಂದಿದ್ದಾರೆ. ಅವರ ಕಷ್ಟವನ್ನು ನಾವು ಬಲ್ಲೆವು. ಹೀಗಿರಲಾಗಿ ಅವರ ಸಂಗಡ ಜಗಳವಾಡಲೂ ಬೇಡ, ಅವರಿಗೆ ಹೆದರಲೂ ಬೇಡ. "ಏನೋ ಆಗ್ತಿದೆ, ಬನ್ನಿ" ಎಂದು ಕೂಗಿದರೆ ಅವಸರದಲ್ಲಿರುವವಳಿಗೆ ಏನೂ ತಿಳಿಯುವದಿಲ್ಲ. "ಅಮ್ಮಾ, ಮಧ್ಯಾಹ್ನ ನನ್ನನ್ನು ಗುರುತಿಸಿದರು, ಈಗ ಗುರುತಿಸುವದಿಲ್ಲ. ಉಸಿರು 28 ಇದೆ, ಎರಡು ಸಾರಿ ಎಣಿಸಿದೆ. ಬೆಳಗಿನಿಂದ ಮೂತ್ರವಾಗಿಲ್ಲ, ಕೈಕಾಲು ತಣ್ಣಗಿದೆ. ದಯವಿಟ್ಟು ಈಗಲೇ ಬಂದು ನೋಡಿರಿ" ಎಂದು ಹೇಳಬೇಕು. ಬಾರದಿದ್ದರೆ ತಿರಿಗಿ ಹೋಗಬೇಕು. ಆಗಲೂ ಬಾರದಿದ್ದರೆ ಕರ್ತವ್ಯದಲ್ಲಿರುವ ವೈದ್ಯನನ್ನು ಹೆಸರು ಕೇಳಿ ಹುಡುಕಬೇಕು. ಶೂನೇಮಿನವಳು ಆಳಿಗೆ, ನಾನು ಹೇಳುವ ತನಕ ಓಟವನ್ನು ನಿಧಾನಮಾಡಬೇಡವೆಂದಳು. ಮನೆಯಲ್ಲಿಯೇ ಈ ಗುರುತುಗಳು ಕಂಡರೆ 108ಕ್ಕೆ ಫೋನು ಮಾಡುವದರಲ್ಲಿ ತಡಮಾಡಬಾರದು.

ಬೆರಳಿಗೆ ಸಿಕ್ಕಿಸುವ ಪ್ರಾಣವಾಯುವಿನ ಅಳತೆಯ ಯಂತ್ರವನ್ನು ಈಗ ಅನೇಕರು ಮನೆಯಲ್ಲಿಯೂ ಇಟ್ಟುಕೊಂಡಿದ್ದಾರೆ. ಅದು ಒಳ್ಳೆಯದೇ, ಆದರೆ ತಣ್ಣಗಾದ ಬೆರಳಿನಲ್ಲಿಯೂ ಬಣ್ಣ ಹಚ್ಚಿದ ಉಗುರಿನಲ್ಲಿಯೂ ಅದು ತಪ್ಪಿ ತೋರಿಸಬಹುದು. ಯಂತ್ರವು ಚೆನ್ನಾಗಿದೆಯೆನ್ನುವಾಗ ರೋಗಿಯು ಚೆನ್ನಾಗಿಲ್ಲದಿದ್ದರೆ ರೋಗಿಯನ್ನೇ ನಂಬಬೇಕು.

ಸಕಲ ಕ್ಷೀಣತೆಯೂ ಓಡಿಹೋಗಿ ತಡೆಯತಕ್ಕದ್ದಲ್ಲವೆಂಬದೂ ನಿಜವೇ. ದೀರ್ಘ ರೋಗದ ಕಡೆಯಲ್ಲಿ, ವೈದ್ಯರೂ ಮನೆಯವರೂ ರೋಗಿಯೂ ಮಾತಾಡಿಕೊಂಡು, ಇನ್ನು ನೆಮ್ಮದಿಯನ್ನು ಮಾತ್ರ ನೋಡೋಣವೆಂದು ನಿರ್ಣಯಿಸಿದ್ದರೆ ಅದು ಬೇರೆ. ಆಗಲೂ ನೋವಿಗಾಗಿಯೂ ಉಸಿರಾಟದ ಕಷ್ಟಕ್ಕಾಗಿಯೂ ದಾದಿಯನ್ನು ಕರೆಯಬೇಕು. ಆದರೆ ಯಾರೂ ನಿರ್ಣಯಿಸದೆ, ಯಾರೂ ಎಣಿಸದೆ, ಬೆಳಗಾಗಲಿ ನೋಡೋಣವೆಂದು ಬಿಟ್ಟದ್ದನ್ನು ದೇವರ ಚಿತ್ತವೆಂದು ಕರೆಯುವದಕ್ಕೆ ನಮಗೆ ಈಗ ಬಾಯಿ ಬರುವದಿಲ್ಲ. ಹಾಗಾದರೆ ಪ್ರಾರ್ಥನೆ ಬೇಡವೋ ಎಂದು ಕೆಲವರು ಕೇಳುವರು. ಎಲೀಷನು ಬಾಗಲನ್ನು ಮುಚ್ಚಿ ಪ್ರಾರ್ಥಿಸಿದನು. ಆ ಮೇಲೆ ಮಗುವಿನ ಮೇಲೆ ಕೈಗೆ ಕೈಯಿಟ್ಟು ಮಲಗಿದನು. ನಾವು ಈಗಲೂ ಆಸ್ಪತ್ರೆಗೆ ಹೋದರೆ ಪ್ರಾರ್ಥಿಸುತ್ತೇವೆ. ಕಣ್ಣು ಮುಚ್ಚುವದಕ್ಕೆ ಮುಂಚೆ ಒಂದು ನಿಮಿಷ ಉಸಿರನ್ನು ಎಣಿಸುತ್ತೇವೆ.

ಕಳೆದ ಮಳೆಗಾಲದಲ್ಲಿ ಆ ವಿಧವೆಯ ಮೂರು ವರ್ಷದ ಮೊಮ್ಮಗಳಿಗೆ ಕೆಮ್ಮು ಜ್ವರ ಬಂದು ಆಸ್ಪತ್ರೆಗೆ ಸೇರಿಸಿದರು. ಅಜ್ಜಿಯೇ ರಾತ್ರಿ ಬಳಿಯಲ್ಲಿದ್ದರು. ಎರಡು ಗಂಟೆಯ ಹೊತ್ತಿಗೆ ಮಗುವು ಹಾಲನ್ನು ಒಲ್ಲೆನೆಂದು ತಿರುಗಿಕೊಂಡಿತು. ಅಜ್ಜಿ ಎಣಿಸಿದಾಗ ಉಸಿರು 56 ಇತ್ತು, ಪಕ್ಕೆಲುಬಿನ ಕೆಳಗೆ ಹೊಟ್ಟೆಯು ಒಳಕ್ಕೆ ಸೆಳೆಯುತ್ತಿತ್ತು. ಎದ್ದು ಹೋಗಿ ಹೇಳಿದರು. ದಾದಿಯು ಬಂದು ನೋಡಿ ವೈದ್ಯನನ್ನು ಕರೆಸಿದಳು. ಮಗುವಿಗೆ ಪ್ರಾಣವಾಯುವನ್ನು ಕೊಟ್ಟು ಔಷಧಿಯನ್ನು ಬದಲಾಯಿಸಿದರು. ಆರನೆಯ ದಿನ ಮನೆಗೆ ಬಂತು.

ಮೇಲೆ ಹೇಳಿದ ದಾದಿಯ ಕೆಲಸದ ಹುಡುಗಿಯು ಬರುವ ತಿಂಗಳಿನ ಎರಡನೆಯ ಭಾನುವಾರ ಆರಾಧನೆಯಾದ ಮೇಲೆ ನಮ್ಮ ದೇವಾಲಯದಲ್ಲಿ ಉಸಿರನ್ನೂ ನಾಡಿಯನ್ನೂ ಎಣಿಸುವದನ್ನು ಕಲಿಸುವಳು. ನೆರೆಯ ಸಭೆಗಳವರೂ ಬರಬಹುದು. ಸೆಕೆಂಡಿನ ಮುಳ್ಳಿರುವ ಗಡಿಯಾರವಿದ್ದವರು ತರಬೇಕು. ಇಲ್ಲದವರಿಗೆ ಮೊಬೈಲಿನಲ್ಲಿ ನೋಡುವ ರೀತಿಯನ್ನು ತೋರಿಸುವರು. ಚಿಕ್ಕ ಮಕ್ಕಳನ್ನೂ ಕರಕೊಂಡು ಬನ್ನಿರಿ. ಮೊದಲು ಅವರ ಉಸಿರನ್ನೇ ಎಣಿಸಿ ಕಲಿಯುವಿರಿ.